ಮೂರನೆಯ ತೂತು

ಮಾರ್ಚ್ 3, ಸೋಮವಾರ. ಬೆಳಗ್ಗೆ ಆರೂವರೆ

ಕೆಟ್ಟ ಕನಸು. ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತಿದ್ದೇನೆ, ಹ್ಯಾಂಡಲ್ ಇಲ್ಲ. ಹ್ಯಾಂಡಲ್ ಇರಬೇಕಾದ ಜಾಗದಲ್ಲಿ ನನ್ನ ಕೈ. ಮೊಣಕೈಗೆ ಕತ್ತರಿಸಿ ನಾಲ್ಕು ಬೋಲ್ಟ್ ಹಾಕಿ ಕೂರಿಸಿದ್ದಾರೆ. ಮೋಟರ್ ಅದನ್ನು ತಿರುಗಿಸುತ್ತಿದೆ. ನೋವಿಲ್ಲ. ಆದರೆ ಒಂದು ಬೋಲ್ಟ್ ಸಡಿಲ. ಹೇಳೋಣವೆಂದರೆ ಬಾಯಿ ಬರುತ್ತಿಲ್ಲ. ಎಲ್ಲರೂ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಾರೆ. ಅಮ್ಮ ಕೂಡ.

ಎದ್ದವನೇ ಶೆಡ್ಡಿಗೆ ಇಳಿದು ಬೋಲ್ಟ್ ನೋಡಿದೆ. ಎಲ್ಲಾ ಬಿಗಿ. ಮೂರು ಮೆಟ್ಟಿಲು ಹತ್ತಿ ಮನೆಯೊಳಗೆ ಬಂದ ಮೇಲೆ ಅನುಮಾನ. ಮತ್ತೆ ಇಳಿದೆ. ಬಿಗಿಯೇ.

ಈ ಪುಸ್ತಕ ಕೊಟ್ಟವಳು ತಮ್ಮನ ಹೆಂಡತಿ. "ಭಾವ, ಚಿಂತೆ ಬಂದಾಗ ಇದರಲ್ಲಿ ಬರೀರಿ. ಇವರನ್ನ ಕೇಳೋಕೆ ಹೋಗ್ಬೇಡಿ. ಇವರು ಬೈತಾರೆ, ಪುಸ್ತಕ ಬೈಯಲ್ಲ." ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಬಿಟ್ಟ ಕೈ. ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ವಾಲುತ್ತದೆ.

ಲೇತನ್ನು ಕಂಪ್ಯೂಟರಿಗೆ ಕಟ್ಟುತ್ತಾರಂತೆ. ನಾಡಿದ್ದು ಹ್ಯಾಂಡಲ್ ಬಿಚ್ಚುವುದು.

ಮಾರ್ಚ್ 5, ಬುಧವಾರ

ಬಿಚ್ಚಿದರು. ಎರಡನ್ನೂ. ತಮ್ಮ ಬಿಚ್ಚಿದ, ನಾನು ಸ್ಪ್ಯಾನರ್ ಕೊಟ್ಟೆ. ದೊಡ್ಡದು ಮೂವತ್ತನಾಲ್ಕು ವರ್ಷ ಹಿಡಿದು ಹಿಡಿದು ನನ್ನ ಅಂಗೈಯ ಆಕಾರಕ್ಕೇ ಸವೆದಿತ್ತು. ತಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, "ಬಾಗಿಲಿಗೆ ಅಡ್ಡ ಇಡೋಕೆ ಹೇಳಿ ಮಾಡಿಸಿದ ಹಾಗಿದೆ" ಅಂದ. ಅಡುಗೆಮನೆ ಬಾಗಿಲಿಗೆ ಇಟ್ಟೂ ಬಿಟ್ಟ. ನೀರು ಕುಡಿಯಲು ಹೋದಾಗಲೆಲ್ಲ ಕಾಲಿಗೆ ತಾಗುತ್ತದೆ.

ಅಪ್ಪ ಹೋದಾಗ ನನಗೆ ಹದಿಮೂರು. ಲೇತ್ ಎಟುಕುತ್ತಿರಲಿಲ್ಲ, ಮರದ ಪೆಟ್ಟಿಗೆಯ ಮೇಲೆ ನಿಂತು ಹ್ಯಾಂಡಲ್ ಹಿಡಿದೆ. ತಮ್ಮ ಡಿಪ್ಲೊಮಾ ಓದಿದ. ಓದಿಸಿದವನು ಯಾರು ಎಂದು ಬರೆಯುವುದಿಲ್ಲ. ಆ ಮಾತು ಎತ್ತಿದರೆ ಅಮ್ಮನಿಗೆ ಆಗುವುದಿಲ್ಲ.

ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡು ಕೇಳಿದ. "ಅಣ್ಣ, ಈ ಉದ್ದದ ಸ್ಕ್ರೂ ಹಳೇದೇ ಇರ್ಲಿ ಅಂತ ಇದೀನಿ. ಎಲ್ಲೆಲ್ಲಿ ಎಷ್ಟೆಷ್ಟು ಸವೆದಿದೆ ಹೇಳು, ಕಂಪ್ಯೂಟರಿಗೆ ಕೊಡ್ಬೇಕು."

ಹೇಳಿದೆ. ಚಕ್ ಹತ್ತಿರ ಹೆಚ್ಚು ಸವೆದಿದೆ, ಅಲ್ಲಿ ಹ್ಯಾಂಡಲ್ ತಿರುಗಿದರೂ ಸ್ಲೈಡ್ ಸ್ವಲ್ಪ ಹೊತ್ತು ಕದಲುವುದಿಲ್ಲ, ಅಷ್ಟನ್ನು ಬಿಟ್ಟುಕೊಡಬೇಕು. ನಡುವೆ ಕಡಿಮೆ. ಕೊನೆಯಲ್ಲಿ ಹೊಸದರ ಹಾಗೆ. ಚಳಿ ಇರುವ ಬೆಳಗ್ಗೆ ಒಂದು ಥರ, ನಾಲ್ಕು ಜಾಬ್ ಆಗಿ ಮೈ ಬಿಸಿಯಾದ ಮೇಲೆ ಇನ್ನೊಂದು ಥರ. ಅವನು ಟೈಪ್ ಮಾಡುತ್ತಾ ಹೋದ. ನಾನಿನ್ನೂ ಹೇಳುತ್ತಲೇ ಇದ್ದೆ, ಅವನ ಬೆರಳು ನಿಂತಿತು.

"ಸಾಕು, ಆಯ್ತಲ್ಲ. ಮೂವತ್ನಾಲ್ಕು ವರ್ಷದ ವಿದ್ಯೆ... ಅರ್ಧ ಪುಟ ಬಂತು."

ಅವನ ಹೆಂಡತಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು.

ಮಾರ್ಚ್ 9, ಭಾನುವಾರ

ಪಂಪಿನ ಬಿಡಿಭಾಗ ಮಾಡಿಸುವವರು ಹೊಸ ಮೆಷಿನ್ ನೋಡಲು ಬಂದರು. ಬಾಗಿಲಲ್ಲೇ, "ಏನ್ ಇನ್ನೊಂದ್ಸಲ, ಚೆನ್ನಾಗಿದೀರಾ?"

ನನ್ನ ಹೆಸರು ಅದೇ ಆಗಿಹೋಗಿದೆ. ಗ್ಯಾಸ್ ಆರಿಸಿದ್ದು ಇನ್ನೊಂದ್ಸಲ, ಚಿಲಕ ಇನ್ನೊಂದ್ಸಲ, ಅಳತೆ ಇನ್ನೊಂದ್ಸಲ. ತಮ್ಮ ಇಟ್ಟ ಹೆಸರು, ಬೀದಿಗೆಲ್ಲ ಹಬ್ಬಿದೆ. ಅಮ್ಮನೂ ಒಮ್ಮೊಮ್ಮೆ ಬಾಯಿತಪ್ಪಿ ಕರೆಯುತ್ತಾಳೆ. ಹಾಗೆ ಕರೆಯದವಳು ಈ ಮನೆಯಲ್ಲಿ ಒಬ್ಬಳೇ, ತಮ್ಮನ ಹೆಂಡತಿ.

ತಮ್ಮ ಅವರಿಗೆ ನಾನು ಹೆಣ್ಣು ನೋಡಲು ಹೋದ ಕಥೆ ಹೇಳಿದ. ಎಷ್ಟನೆಯ ಸಲವೋ. "ಹುಡುಗಿ ಅಪ್ಪ ಒಪ್ಪಿಗೇನಾ ಅಂದ್ರೆ ನಮ್ಮಣ್ಣ ಏನಂದ ಗೊತ್ತಾ? ಬಾಗಿಲವರೆಗೂ ಇನ್ನೊಂದ್ಸಲ ನಡೆಸಿ ತೋರಿಸ್ತೀರಾ ಅಂದ! ಕುದುರೆ ಕೊಳ್ಳೋಕೆ ಹೋದವನ ಥರ!" ಪಂಪಿನವರು ಕೆಮ್ಮು ಬರುವವರೆಗೂ ನಕ್ಕರು. ನಾನು ಹಾಗೆ ಅನ್ನಲಿಲ್ಲ. ಇನ್ನೊಂದ್ಸಲ ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೆ. ಯಾರಿಗೆ ಹೇಳುವುದು.

ನನ್ನ ಚಿಂತೆ ಬೇರೆ. ಕೀ.

ಜಾಬನ್ನು, ಅಂದರೆ ಕಡೆಯಬೇಕಾದ ತುಂಡನ್ನು, ಹಿಡಿದು ತಿರುಗಿಸುವುದು ಚಕ್. ಚಕ್ ಬಿಗಿಯಲು ಕೀ. ಒಂದು ಗೇಣು ಉದ್ದ, ತಲೆಗೆ ಅಡ್ಡ ಸರಳು. ಇದುವರೆಗೆ ಕೀ ಹಾಕುವವನೂ ನಾನೇ, ಲಿವರ್ ಎಳೆಯುವವನೂ ನಾನೇ. ಕೀ ತೆಗೆದರೆ ತಾನೇ ಕೈ ಲಿವರಿಗೆ ಹೋಗುವುದು. ಇನ್ನು ಮುಂದೆ ಕೀ ಹಾಕುವವನು ಇಲ್ಲಿ, ಸ್ಟಾರ್ಟ್ ಒತ್ತುವವನು ಅಲ್ಲಿ ಮೇಜಿನ ಹತ್ತಿರ, ಪರದೆ ನೋಡಿಕೊಂಡು. ಚಕ್‌ನಲ್ಲಿ ಕೀ ಉಳಿದುಹೋದರೆ? ಚಕ್ ತಿರುಗಿದ ಕೂಡಲೇ ಹಾರುತ್ತದೆ. ಹಾರುವ ಕೀಗೆ ಅಣ್ಣ ಯಾರು, ತಮ್ಮ ಯಾರು.

ನಾಲ್ಕು ಸಲ ಹೇಳಿದೆ. ಐದನೆಯ ಸಲಕ್ಕೆ ತಮ್ಮ ಸ್ಕ್ರೂಡ್ರೈವರ್ ಬೀಸಿ ಎಸೆದ. ವೈರು ಕಟ್ಟುತ್ತಿದ್ದ ಪ್ಯಾನೆಲಿನವನು ತಲೆಯೆತ್ತಿ, "ಸಾರ್, ನಿಮ್ಮಣ್ಣ ಹೇಳೋದ್ರಲ್ಲಿ ಅರ್ಥ ಇದೆ. ಒಂದು ಕಪ್ ಮಾಡಿ ಒಳಗೆ ಸ್ವಿಚ್ ಇಡೋಣ. ಕೀ ಬಂದು ಕಪ್‌ನಲ್ಲಿ ಕೂತ್ರೆ ಪರದೆ ಮೇಲೆ ಹಸಿರು. ಹಸಿರು ಬರದೆ ಚಕ್ ತಿರುಗಲ್ಲ" ಅಂದ.

"ಮಾಡಿ. ಇವನ ಬಾಯಿ ಮುಚ್ಚಿದ್ರೆ ಸಾಕು."

ಮಾರ್ಚ್ 15, ಶನಿವಾರ

ಕಪ್ ಕೂತಿತು. ಸ್ವಿಚ್ ಕೂತಿತು. ಕೀ ಇಟ್ಟರೆ ಹಸಿರು, ತೆಗೆದರೆ ಕೆಂಪು. ಹದಿನೇಳು ಸಲ ಹಾಕಿ ತೆಗೆದೆ. ಹದಿನೇಳೂ ಸಲ ಸರಿ. ಎಷ್ಟೋ ದಿನದ ಮೇಲೆ ಮಧ್ಯಾಹ್ನ ಕಣ್ಣಿಗೆ ನಿದ್ದೆ ಹತ್ತಿತು.

ಕೀ ಹೊಸದು. ಅಂಗಡಿಯದು, ಅಡ್ಡ ಸರಳು ಹತ್ತು ಮಿಲಿಮೀಟರ್. ಹಳೆಯದು ಅಪ್ಪ ತಾನೇ ಮಾಡಿದ್ದು. ಅದರ ಸರಳು ಹನ್ನೆರಡು, ಒಂದು ಕಡೆ ತುಸು ಬಾಗಿದೆ. ಮೂಲೆ ಸವೆದಿದೆ ಎನ್ನುವುದು ನಿಜವೇ. ಆದರೂ ನನ್ನ ಕೈಗೆ ಜಾರುವುದಿಲ್ಲ.

"ಅದನ್ನ ಸ್ಕ್ರ್ಯಾಪಿಗೆ ಹಾಕು" ಅಂದ ತಮ್ಮ.

"ಅಪ್ಪನದು..."

"ಅಪ್ಪನೇ ಸ್ಕ್ರ್ಯಾಪಾಗಿ ಎಷ್ಟು ವರ್ಷ ಆಯ್ತು. ಹಾಕು."

ಸಂಜೆ ಕೇಳಿದ. ಹಾಕಿದೆ ಅಂದೆ. ಪ್ಯಾಂಟಿನ ಬಲಜೇಬಿನಲ್ಲಿದೆ. ಕೂತಾಗ ತೊಡೆಗೆ ಒತ್ತುತ್ತದೆ. ಒತ್ತಿದರೆ ಇದೆ ಅಂತ ಸಮಾಧಾನ.

ಮಾರ್ಚ್ 22, ಶನಿವಾರ

ಓಡಿತು. ನಾನು ಇಡೀ ದಿನ ನಿಂತು ಮಾಡುತ್ತಿದ್ದಷ್ಟನ್ನು ಊಟದ ಹೊತ್ತಿಗೆ ಮುಗಿಸಿತು. ಒಂದೊಂದನ್ನೂ ಅಳೆದೆ. ತಪ್ಪು ಸಿಗಲಿಲ್ಲ. ತಪ್ಪು ಸಿಗಲಿ ಎಂದೇ ಅಳೆಯುತ್ತಿದ್ದೇನೆ ಎಂದು ಇಪ್ಪತ್ತನೆಯದರಲ್ಲಿ ಗೊತ್ತಾಯಿತು. ಅಳತೆ ನಿಲ್ಲಿಸಿದೆ.

ಕೆಂಪು ಗುಂಡಿ ಮೂರು ಸಲ ಒತ್ತಿದೆ. ಒತ್ತಿದರೆ ಎಲ್ಲಾ ನಿಲ್ಲುತ್ತದೆ. ಮೊದಲ ಸಲ ಶಬ್ದ ಬೇರೆಯಾಗಿ ಕೇಳಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಯಾಕೆ ಒತ್ತಿದೆನೋ ಗೊತ್ತಿಲ್ಲ, ಕೈ ಹೋಯಿತು. ನಡುವೆ ನಿಂತ ಜಾಬ್ ಮೂರೂ ಹಾಳು.

ತಮ್ಮ ಬೈಯಲಿಲ್ಲ. ಹಳದಿ ಬಣ್ಣದ ಡಬ್ಬಿ ತಂದು, ಬ್ರಶ್ ಅದ್ದಿ, ಶೆಡ್ಡಿನ ನೆಲಕ್ಕೆ ಗೋಡೆಯಿಂದ ಗೋಡೆಗೆ ಒಂದು ಗೆರೆ ಎಳೆದ. "ಇದರಾಚೆ ನೀನು ಬರಬಾರ್ದು. ನಾಯಿಗೆ ಹೇಳಿದ್ರೆ ಅರ್ಥ ಆಗುತ್ತೆ, ನಿನಗೂ ಆಗ್ಬೇಕು."

ಅಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. "ಬಣ್ಣ ಒಣಗೋವರೆಗೂ ಯಾರೂ ತುಳೀಬೇಡಿ" ಅಂದಳು. ಅಷ್ಟೇ ಅಂದದ್ದು.

ಈಗ ಬಾಗಿಲ ಹತ್ತಿರ ಸ್ಟೂಲು. ಮೆಷಿನ್ ಮಾಡಿದ್ದರ ಚೂಪು ಅಂಚನ್ನು ಅರದಿಂದ ಉಜ್ಜುವುದು ನನ್ನ ಕೆಲಸ. ಕಬ್ಬಿಣದ ಚೂರು ಗುಡಿಸುವುದು. ಗೆರೆಯಾಚೆಯ ಚೂರನ್ನು ಅವನ ಹೆಂಡತಿ ಗುಡಿಸಿ ನನ್ನ ಕಡೆ ತಳ್ಳುತ್ತಾಳೆ.

ಮಾರ್ಚ್ 28, ಶುಕ್ರವಾರ

ಅವಳಿಗೆ ವರ್ನಿಯರ್ ಹಿಡಿದು ಅಳತೆ ನೋಡುವುದು ಕಲಿಸಿದೆ. ತಮ್ಮ ಊಟಕ್ಕೆ ಹೋದಾಗ ಅವಳೇ ಗೆರೆ ದಾಟಿ ಬಂದು ಸ್ಟೂಲಿನ ಪಕ್ಕ ನೆಲದಲ್ಲಿ ಕೂತಳು.

"ಇವರನ್ನ ಕೇಳಿದ್ರೆ, ನಿನಗ್ಯಾಕೆ, ಬಟನ್ ಒತ್ತು ಸಾಕು ಅಂತಾರೆ. ನೀವು ಹೇಳಿಕೊಡಿ ಭಾವ."

ದೊಡ್ಡ ಗೆರೆ ಯಾವುದು, ಚಿಕ್ಕ ಗೆರೆ ಎಲ್ಲಿ ಕೂಡುತ್ತದೆ, ಗಟ್ಟಿ ಒತ್ತಬಾರದು, ಉಸಿರು ಬಿಟ್ಟು ಓದಬೇಕು. ಎರಡು ಸಲ ತಪ್ಪಿದಳು. ಮೂರನೆಯದು ಸರಿ. "ಇನ್ನೊಂದು ಕೊಡಿ" ಅಂದಳು. ಕೊಟ್ಟೆ. ಸರಿ. ನನ್ನ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದು ಇದೊಂದೇ, ಬೈಗುಳ ಇಲ್ಲದೆ.

ಚಕ್‌ಗೆ ಮೂರು ತೂತು ಇರುವುದನ್ನೂ ಹೇಳಿದೆ. ಯಾವ ತೂತಿಗೆ ಕೀ ಹಾಕಿದರೂ ಜಾಬನ್ನು ಕಚ್ಚುವ ಮೂರು ದವಡೆಯೂ ಕೂಡುತ್ತವೆ. ಆದರೆ ಅಪ್ಪ ಮೂರಕ್ಕೂ ಹಾಕಿ ಬಿಗಿಯುತ್ತಿದ್ದರು. ಒಂದರಲ್ಲಿ ಸಿಗದ ಬಿಗಿ ಮೂರನೆಯದರಲ್ಲಿ ಸಿಗುತ್ತದೆ. ತಮ್ಮ ಎದುರಿನ ಒಂದಕ್ಕೆ ಹಾಕಿ ಬಿಡುತ್ತಾನೆ. ದಿನವೂ ನೋಡುತ್ತೇನೆ. ಒಂದೇ.

"ಹೇಳ್ಲಾ ಅವರಿಗೆ?" ಅಂದಳು.

ಬೇಡ ಅಂದೆ.

ಏಪ್ರಿಲ್ 2, ಬುಧವಾರ

ಒಂದೇ ತೂತು. ಇವತ್ತೂ ಒಂದೇ. ಜಾಬ್ ಕಳಚಿ ಬಂದರೆ ಎದುರಿಗೆ ಇರುವವರು ಯಾರು? ಮೇಜಿನ ಹತ್ತಿರ ಅವಳು. ಉಜ್ಜುತ್ತಿದ್ದ ಅರ ಬೆರಳಿಗೆ ತಾಗಿತು.

ಏಪ್ರಿಲ್ 5, ಶನಿವಾರ

ತಮ್ಮನ ಕಣ್ಣು.

ಆಸ್ಪತ್ರೆಯಲ್ಲಿದ್ದಾನೆ. ಎಡಗಣ್ಣು. ಬರೆಯಲು ಆಗುತ್ತಿಲ್ಲ.

ಏಪ್ರಿಲ್ 6, ಭಾನುವಾರ. ಬೆಳಗ್ಗೆ

ಕಣ್ಣು ಉಳಿಯಲಿಲ್ಲ. ಕೆನ್ನೆಯ ಮೂಳೆ ಮುರಿದಿದೆ. ತಲೆಗೂ ಪೆಟ್ಟು.

ಅಮ್ಮ ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರು ಸೊಸೆಗೆ ಹೇಳಿದಳು: "ಒತ್ತಿದ್ದು ನಿನ್ನ ಬೆರಳು ತಾನೇ."

"ಹಸಿರಿತ್ತು ಅತ್ತೆ. ಸ್ಟಾರ್ಟ್ ಕೊಡ್ಲಾ ಅಂತ ಕೇಳಿದೆ. ಕೊಡು ಅಂದ್ರು."

"ಕಣ್ಣು ಹೋದವನ ಮೇಲೆ ಹಾಕ್ತೀಯಾ?"

ಅವಳು ನನ್ನ ಕಡೆ ನೋಡಿದಳು. ನಾನು ಔಷಧಿ ಚೀಟಿ ನೋಡುತ್ತಿದ್ದೆ. ಇಂಗ್ಲಿಷಿನಲ್ಲಿತ್ತು.

ಏಪ್ರಿಲ್ 7, ಸೋಮವಾರ. ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲ

ಪುಸ್ತಕ ಬೈಯುವುದಿಲ್ಲ ಅಂದಿದ್ದಳು.

ಶನಿವಾರ ಹನ್ನೊಂದು ಗಂಟೆ. ತಮ್ಮ ಜಾಬ್ ಹಾಕಿದ. ಎದುರಿನ ತೂತಿಗೆ ಹೊಸ ಕೀ ಹಾಕಿ ಬಿಗಿದ, ಕಪ್‌ನಲ್ಲಿಟ್ಟ. ಅಷ್ಟರಲ್ಲಿ ಫೋನು ಬಂತು, ಹೊರಗೆ ಹೋದ. ಅವಳು ಮೇಜಿನಲ್ಲಿ ಪರದೆ ನೋಡುತ್ತಿದ್ದಳು, ಬೆನ್ನು ನನ್ನ ಕಡೆ. ದೊಡ್ಡ ಜಾಬ್, ನಾಲ್ಕು ಕೆಜಿ ಮೇಲಿತ್ತು. ಒಂದೇ ತೂತು. ತಡೆಯಲಾಗಲಿಲ್ಲ. ಗೆರೆ ದಾಟಿದೆ. ಅಪ್ಪನ ಕೀ ತೆಗೆದು ಎರಡನೆಯದಕ್ಕೆ ಹಾಕಿದೆ, ಅಲ್ಲಾಡಲಿಲ್ಲ. ಆಚೆ ಗೋಡೆಯ ಕಡೆ ಇರುವ ಮೂರನೆಯದಕ್ಕೆ ಬಾಗಿ ಹಾಕಿದೆ. ಕಾಲು ಸುತ್ತು ತಿರುಗಿತು. ತಿರುಗಿತು! ಸಡಿಲ ಇತ್ತು. ನಾನು ಹೇಳಿದ್ದು ಸರಿ ಇತ್ತು.

"ಯಾರು ನಿನ್ನ ಇಲ್ಲಿ ಬಿಟ್ಟಿದ್ದು?"

ತಮ್ಮ. ಕೊರಳಪಟ್ಟಿಗೇ ಕೈ ಹಾಕಿ ಎಳೆದ. "ಬಣ್ಣ ಹಾಕಿ ತೋರಿಸಿದ್ರೂ ತಲೆಗೆ ಹೋಗಲ್ವಾ? ಹೊರಗೆ. ಹೊರಗೆ ಅಂದೆ!" ಬಾಗಿಲಾಚೆ ನೂಕಿದ. ಮೊಣಕಾಲು ಮೆಟ್ಟಿಲಿಗೆ ಬಡಿಯಿತು. ಆ ಹೊತ್ತಿನಲ್ಲಿ ಜೇಬು ಹಗುರವಾಗಿದ್ದದ್ದು ಗೊತ್ತಾಗಲಿಲ್ಲ. ಮೊಣಕಾಲು ಉಜ್ಜಿಕೊಳ್ಳುತ್ತಿದ್ದೆ. ಆಮೇಲೆ ಕೈ ತಾನಾಗಿ ಜೇಬಿಗೆ ಹೋಯಿತು, ದಿನಕ್ಕೆ ನೂರು ಸಲ ಹೋಗುವ ಹಾಗೆ.

ಇಲ್ಲ.

ಒಳಗಿಂದ ಅವಳ ದನಿ: "ಹಸಿರಿದೆ, ಕೊಡ್ಲಾ?"

ಕೂಗಬಹುದಿತ್ತು. ಎರಡು ಮಾತು ಸಾಕಿತ್ತು. ಕೀ ಇದೆ. ಇಷ್ಟು ವರ್ಷ ಬೇಡದ್ದಕ್ಕೆಲ್ಲ ಕೂಗಿದ ಬಾಯಿ. ಕೂಗಿದರೆ, ಯಾವ ಕೀ ಎನ್ನುತ್ತಾನೆ. ಸ್ಕ್ರ್ಯಾಪಿಗೆ ಹಾಕಿದೆ ಅಂದಿದ್ದೆಯಲ್ಲ ಎನ್ನುತ್ತಾನೆ. ಅದನ್ನು ಯೋಚಿಸುತ್ತಿದ್ದೆ. ಅಷ್ಟೇ ಹೊತ್ತು. ಒಂದು ಉಸಿರಿನಷ್ಟು.

"ಕೊಡು ಅಂದ್ನಲ್ಲ."

ಮೊದಲು ಹಲಗೆಗೆ ಬಡಿದ ಸದ್ದು, ಗೋಡೆಗೆ ಹೊಡೆದಿರುವ, ಟೂಲು ನೇತುಹಾಕುವ ಹಲಗೆ. ಅಲ್ಲಿಂದ ಚಿಮ್ಮಿ ಬಗ್ಗಿ ನೋಡುತ್ತಿದ್ದವನ ಮುಖಕ್ಕೆ.

ಅಕ್ಕಪಕ್ಕದವರು ಬಂದರು. ಹೊತ್ತುಕೊಂಡು ಹೋದರು. ಅವಳೂ ಹೋದಳು, ಅಮ್ಮನೂ. ಶೆಡ್ಡಿನಲ್ಲಿ ನಾನೊಬ್ಬ. ಅಪ್ಪನ ಕೀ ಹಲಗೆಯ ಕೆಳಗೆ ಬಿದ್ದಿತ್ತು. ಒರೆಸಿ ಜೇಬಿಗೆ ಹಾಕಿಕೊಂಡೆ. ಅಲ್ಲಿಗೇ ಬಿಡಬಹುದಿತ್ತು. ಆದರೆ ಕೀ ಇಲ್ಲದೆ ಕಣ್ಣು ಹೇಗೆ ಹೋಯಿತು ಎಂದು ಕೇಳುತ್ತಾರಲ್ಲ? ಕಪ್‌ನಿಂದ ಹೊಸ ಕೀ ತೆಗೆದು, ರಕ್ತದಲ್ಲಿ ಹೊರಳಿಸಿ, ಅದೇ ಜಾಗದಲ್ಲಿಟ್ಟೆ. ಬಾಗಿಲವರೆಗೆ ಹೋಗಿ ತಿರುಗಿ ನೋಡಿದೆ. ಸ್ವಲ್ಪ ಎಡಕ್ಕೆ ಇರಬೇಕಿತ್ತು. ಹೋಗಿ ಸರಿಸಿದೆ.

ಏಪ್ರಿಲ್ 10, ಗುರುವಾರ

ಪ್ಯಾನೆಲಿನವನು ಬಂದು ಕಪ್ ನೋಡಿದ. ಹೊಸ ಕೀ ಹಾಕಿದ, ಹಸಿರು. ತೆಗೆದ, ಕೆಂಪು. ಇಪ್ಪತ್ತು ಸಲ.

"ಸ್ವಿಚ್ ಕೆಟ್ಟಿಲ್ಲ ಅಮ್ಮ. ಕೀ ನೆಲದಲ್ಲಿತ್ತು ಅಂದ್ರೆ ಕಪ್ ಖಾಲಿ. ಖಾಲಿ ಕಪ್‌ಗೆ ಹಸಿರು ಬರಲ್ಲ. ಬೇರೆ ಏನೋ ತುರುಕಿರ್ಬೇಕು."

ಮೇಜಿನ ಮೇಲೆ ಅವಳ ಪೆನ್ಸಿಲ್ ಇತ್ತು, ಅಳತೆ ಬರೆದುಕೊಳ್ಳುವ ದಪ್ಪ ಪೆನ್ಸಿಲ್. ಸುಮ್ಮನೆ ತೆಗೆದು ಕಪ್‌ಗೆ ಇಳಿಸಿದ. ಹಸಿರು ಬಂತು.

ಪ್ಯಾನೆಲಿನವನೇ ಪೆನ್ಸಿಲ್ ಹೊರಗೆ ತೆಗೆದು, ಕೈ ಸುಟ್ಟವನ ಹಾಗೆ ಮೇಜಿನ ಮೇಲೆ ಬಿಟ್ಟ.

"ನಾನು ಹಾಕಿಲ್ಲ" ಅಂದಳು ಅವಳು. "ಕೀ ಕಪ್‌ನಲ್ಲೇ ಇತ್ತು. ನಾನು ನೋಡಿದೀನಿ. ಇನ್ನೊಂದು ಕೀ ಇತ್ತಲ್ಲ, ಹಳೇದು—"

"ಅದು ಸ್ಕ್ರ್ಯಾಪಿಗೆ ಹೋಗಿ ತಿಂಗಳಾಗ್ತಾ ಬಂತು" ಅಂದಳು ಅಮ್ಮ. "ಹಾಕಿದವನು ಇಲ್ಲೇ ಇದಾನೆ. ಏನೋ, ಹಾಕಿದ್ಯೋ ಇಲ್ವೋ?"

ಹಾಕಿದೆ ಅಂದೆ. ಕೀ ತೊಡೆಗೆ ಒತ್ತುತ್ತಿತ್ತು.

ಏಪ್ರಿಲ್ 19, ಶನಿವಾರ

ತಮ್ಮ ಮನೆಗೆ ಬಂದ. ಮುಖದ ಅರ್ಧ ಬಟ್ಟೆ. ಆ ದಿನದ್ದು ಒಂದೂ ನೆನಪಿಲ್ಲವಂತೆ, ಬೆಳಗ್ಗೆ ತಿಂಡಿ ತಿಂದದ್ದೂ. ನನ್ನನ್ನು ನೂಕಿದ್ದೂ. ಡಾಕ್ಟರ್ ಬರಲೂಬಹುದು, ಬರದೆಯೂ ಇರಬಹುದು ಅಂದರಂತೆ. ದಿನಾ ಬೆಳಗ್ಗೆ ಹೋಗಿ ಕೇಳುತ್ತೇನೆ. "ಏನಾದ್ರೂ ನೆನಪಾಯ್ತಾ?"

ಎಷ್ಟು ಕಾಳಜಿ ನೋಡು ಅಣ್ಣನಿಗೆ, ಅಂದಳು ಅಮ್ಮ.

ಹೆಂಡತಿ ಗಂಜಿ ತಂದಳು. ಅವನು ಉಳಿದ ಒಂದು ಕಣ್ಣಿನಲ್ಲಿ ಅವಳನ್ನೇ ನೋಡಿದ.

"ಕೀ ನಾನೇ ಮರೆತಿರ್ಬಹುದು. ಫೋನ್ ಬಂತು ಅಂತೀಯಲ್ಲ, ಮರೆತಿರ್ಬಹುದು. ಮನುಷ್ಯ ಮರೀತಾನೆ. ಅದಕ್ಕೇ ತಾನೇ ಸ್ವಿಚ್ ಇಟ್ಟಿದ್ದು? ನೀನು ಅದರ ಬಾಯಿಗೇ ಪೆನ್ಸಿಲ್ ಇಟ್ಟೆ. ಎದ್ದು ಬಂದು ನೋಡೋಕೆ ಸೋಮಾರಿತನ. ನಾಲ್ಕು ಹೆಜ್ಜೆ. ನಾಲ್ಕು ಹೆಜ್ಜೆಗೆ ಒಂದು ಕಣ್ಣು ತಗೊಂಡೆಯಲ್ಲೇ."

"ನಿಮ್ಮಾಣೆ ನಾನು—"

"ನನ್ನ ಮೇಲೆ ಆಣೆ ಹಾಕೋಕೆ ಇನ್ನೇನು ಉಳಿಸಿದೀಯ? ಬಲಗಣ್ಣಾ?"

ಬಟ್ಟಲು ಕೆಳಗಿಟ್ಟು ಹೋದಳು. ಗಂಜಿ ನಾನು ತಿನ್ನಿಸಿದೆ. ಬಾಯಿ ಒರೆಸುವಾಗ ನನ್ನ ಕೈ ಹಿಡಿದುಕೊಂಡ. "ನೀನು ಬಡ್ಕೋತಾನೇ ಇದ್ದೆ ಅಣ್ಣ. ಕೀ, ಕೀ ಅಂತ. ನಾನು ಕೇಳ್ಲಿಲ್ಲ."

ಇಷ್ಟು ವರ್ಷ ಕಾದ ಮಾತು. ಬಂತು. ಅಳು ಬಂತು ನನಗೆ. ನಿಜವಾಗಿಯೂ ಬಂತು.

ಏಪ್ರಿಲ್ 21, ಸೋಮವಾರ

ಬಟ್ಟೆ ಒಣಹಾಕುವಾಗ ಅವಳು ಮೆಲ್ಲಗೆ ಹೇಳಿದಳು. "ಭಾವ, ಆವತ್ತು ನೀವು ಒಳಗೆ ಬಂದಿದ್ರಿ. ಇವರು ನಿಮ್ಮನ್ನ ನೂಕಿದ್ದು ನನಗೆ ಕೇಳಿಸ್ತು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಸುಮ್ನೆ ನಿಮ್ಮ ಮೇಲೂ ಎಗರ್ತಾರೆ."

ಒದ್ದೆ ಬಟ್ಟೆಯ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಇಬ್ಬರೂ ಹಿಂಡಿದೆವು. ನೀರು ಇಳಿಯುತ್ತಲೇ ಇತ್ತು.

"ನೀವೇನಾದ್ರೂ ನೋಡಿದ್ರಾ? ಕಪ್‌ನಲ್ಲಿ ಕೀ?"

ಗಮನಿಸಲಿಲ್ಲ ಅಂದೆ. ನಾನು! ಗಮನಿಸಲಿಲ್ಲ ಅಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕ್ಲಿಪ್ ಕೇಳಿದಳು.

ಏಪ್ರಿಲ್ 24, ಗುರುವಾರ

ಹ್ಯಾಂಡಲ್ ಜಾಗಕ್ಕೆ ಹಾಕಿದ್ದ ಮೋಟರ್ ಬಿಚ್ಚಿದೆವು. ಪ್ಯಾನೆಲಿನವನೇ ಬಿಚ್ಚಿದ, ಸ್ಪ್ಯಾನರ್ ನನಗೆ ಕೊಟ್ಟ. ಅಡುಗೆಮನೆ ಬಾಗಿಲಿನಿಂದ ಹ್ಯಾಂಡಲ್ ತಂದು, ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಿದೆ. ಅಂಗೈ ಕೂತಿತು. ತಾನಾಗಿ ಕೂತಿತು.

ಹಳದಿ ಗೆರೆಯನ್ನು ಅಮ್ಮ ಸೊಸೆಯ ಕೈಲಿ ಉಜ್ಜಿಸಿದಳು. ಪೂರ್ತಿ ಹೋಗಲಿಲ್ಲ. ಬೆನ್ನು ಬಗ್ಗಿಸಿ ಉಜ್ಜುತ್ತಿದ್ದಳು, ನಾನು ಜಾಬ್ ತಿರುಗಿಸುತ್ತಿದ್ದೆ. ಬಿಸಿ ಚೂರೊಂದು ಹಾರಿ ಅವಳ ಕೈಮೇಲೆ ಬಿತ್ತು. ಜಾಡಿಸಿಕೊಂಡಳು. ಮೆಷಿನ್ ನಿಲ್ಲಿಸಬಹುದಿತ್ತು. ಅಳತೆ ಹತ್ತಿರ ಬಂದಿತ್ತು, ನಿಲ್ಲಿಸಲಿಲ್ಲ.

ಪಂಪಿನವರು ಬಂದಿದ್ದರು. ಇನ್ನೊಂದ್ಸಲ ಎನ್ನಲಿಲ್ಲ. "ನೀವೊಬ್ರೇ ನೋಡಿ ಇದರ ಹಣೆಬರಹ ಮೊದಲೇ ಓದಿದ್ದು" ಅಂದರು. ಅಮ್ಮ ಮೊದಲ ಲೋಟ ಟೀ ನನಗೆ ಕೊಟ್ಟಳು. ಸಕ್ಕರೆ ಸರಿಯಾಗಿತ್ತು.

ಕೀ ಇನ್ನೂ ಜೇಬಿನಲ್ಲಿದೆ. ಎಸೆಯಬೇಕು. ಎಲ್ಲಿ ಎಸೆದರೂ ಯಾರಿಗಾದರೂ ಸಿಕ್ಕೀತು. ಕರಗಿಸಲು ಕುಲುಮೆ ಇಲ್ಲ. ಗರಗಸದಲ್ಲಿ ಮೂರು ತುಂಡು ಮಾಡಲು ಕೂತೆ, ಹಲ್ಲು ಇಟ್ಟೆ, ಎಳೆಯಲಾಗಲಿಲ್ಲ. ಅಪ್ಪ ಬಾಗಿಸಿದ ಸರಳು.

ಮೇ 3, ಶನಿವಾರ

ತೀರ್ಮಾನವಾಯಿತು. ನಾಳೆ ಅವಳ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ. ತವರಿಗೆ. ಎಷ್ಟು ದಿನಕ್ಕೆ ಎಂದು ಅವಳು ಕೇಳಿದಳು.

"ನನ್ನ ಕಣ್ಣು ಬರೋವರೆಗೂ" ಅಂದ ತಮ್ಮ.

ಅಮ್ಮ ನಕ್ಕಳು. ನಗಬಾರದೆಂದು ಸೆರಗು ಅಡ್ಡ ಹಿಡಿದಳು, ಆದರೂ ನಕ್ಕಳು. ನಾನೂ... ತುಟಿ ಅರಳಿತು. ಅವಳು ನೋಡಿದಳು.

ಮೇ 4, ಭಾನುವಾರ. ಬೆಳಗ್ಗೆ ಎಂಟು

ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿಟ್ಟಿದ್ದಾಳೆ. ಅವಳ ಅಣ್ಣ ಇನ್ನೂ ಬಂದಿಲ್ಲ. ಶೆಡ್ಡಿನಿಂದ ಕರೆದಳು.

"ಭಾವ, ಹೋಗೋ ಮುಂಚೆ ಒಂದು ಕೆಲಸ. ಬನ್ನಿ."

ಹಲಗೆಯ ಮುಂದೆ ನಿಂತಿದ್ದಳು. ಕೈಯಲ್ಲಿ ವರ್ನಿಯರ್. ಹಲಗೆಯಲ್ಲಿ ಒಂದು ಗುಂಡನೆಯ ಗುಳಿ, ಅಚ್ಚು ಒತ್ತಿದ ಹಾಗೆ. ಕೀಯ ಅಡ್ಡ ಸರಳಿನ ತುದಿ ಬಡಿದದ್ದು. ಅದರ ಮೇಲೆ ಯಾರೋ ಗೋಣಿತಾಟು ನೇತುಹಾಕಿದ್ದರು. ಯಾರೋ ಅಲ್ಲ, ನಾನೇ. ಅವಳು ಸರಿಸಿದ್ದಾಳೆ.

"ಹೊಸ ಕೀದು ಸರಳು ಹತ್ತು. ಇದು ನನಗೆ ಹನ್ನೆರಡು ಬರ್ತಿದೆ. ಮೂರು ಸಲ ಅಳೆದೆ. ಹತ್ತರದ್ದು ಬಡಿದ್ರೆ ಹನ್ನೆರಡು ಹೇಗೆ ಬರುತ್ತೆ?" ದನಿ ಏರಿಸಲಿಲ್ಲ. "ನನ್ನ ಕೈ ಹೊಸದು, ತಪ್ಪಿರ್ಬಹುದು. ನೀವು ನೋಡಿ. ನೀವು ಏನು ಹೇಳಿದ್ರೂ ಇವರು ನಂಬ್ತಾರೆ."

ವರ್ನಿಯರ್ ತೆಗೆದುಕೊಂಡೆ. ಗಟ್ಟಿ ಒತ್ತಲಿಲ್ಲ. ಉಸಿರು ಬಿಟ್ಟೆ. ಗೆರೆ ಕೂಡಿತು, ಚೆನ್ನಾಗಿ ಕೂಡಿತು.

ಹತ್ತು ಅಂದೆ.

ಅವಳು ವರ್ನಿಯರ್ ನೋಡಲಿಲ್ಲ. ಗುಳಿ ನೋಡಲಿಲ್ಲ. ನನ್ನ ಬಲಜೇಬು ನೋಡಿದಳು. ಕೈ ಅಲ್ಲಿಗೆ ಹೋಗಿತ್ತು.

"ಕನ್ನಡಕ ಇಲ್ದೆ ನೋಡಿದ್ರಿ" ಅಂದಳು.

ಹೌದು, ಕನ್ನಡಕ, ತರ್ತೀನಿ ಅಂತ ಒಳಗೆ ಬಂದೆ. ಕನ್ನಡಕ ಆಗಲೂ ಮೂಗಿನ ಮೇಲೆಯೇ ಇತ್ತು, ಈಗಲೂ ಇದೆ. ಬರೆಯುತ್ತಿದ್ದೇನಲ್ಲ. ಹಿತ್ತಲ ಬಾಗಿಲಿದೆ. ತಮ್ಮ ಎದ್ದಿದ್ದಾನೆ, ಕೆಮ್ಮು ಕೇಳುತ್ತಿದೆ. ಗೇಟಿನ ಸದ್ದು, ಅವಳ ಅಣ್ಣ ಇರಬೇಕು. ಹನ್ನೆರಡು ಎಂದರೆ ಒಂದು ಮಾತು. ಹತ್ತು ಎಂದರೂ ಒಂದೇ ಮಾತು. ಹೇಳಿಯಾಗಿದೆಯಲ್ಲ, ಹೇಳಿದ್ದನ್ನೇ ಹೇಳಿದರೆ—

ಶೆಡ್ಡಿನಿಂದ ಕೂಗುತ್ತಿದ್ದಾಳೆ. ಈ ಮನೆಗೆ ಬಂದು ಒಂಬತ್ತು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಕೇಳಿರಲಿಲ್ಲ.

"ಕನ್ನಡಕ ಸಿಕ್ತಾ ಭಾವ? ಬನ್ನಿ. ಇನ್ನೊಂದ್ಸಲ ನೋಡಿ."